ಊಟದ ಗಂಟೆಯ ಚುಕ್ಕಿಗಳು

ಟಿ. ನರಸೀಪುರ
9 ನವೆಂಬರ್ 2024

ಅತ್ತೆಯವರಿಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಓದದೆ ಹಾಗೇ ಇಟ್ಟುಬಿಡಬೇಡಿ.

ನಾನು, ತೇಜು ಚೆನ್ನಾಗಿದ್ದೇವೆ. ಅವಳಿಗೆ ಒಂಬತ್ತು ತುಂಬಿತು. ನಾಲ್ಕನೇ ಕ್ಲಾಸು, ನನ್ನದೇ ಶಾಲೆ.

ನಿಮ್ಮ ಮಗ ಶನಿವಾರದ ದಿನ ಶಾಲೆಯಲ್ಲಿ ನಡೆಸುತ್ತಿದ್ದ ಕೈಕೆಲಸ ನಿಮಗೆ ಗೊತ್ತಲ್ಲ. ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಒಟ್ಟಿಗೆ ಕೂರಿಸಿ ಹಳೇ ಪೇಪರ್ ಸುತ್ತಿ ಸೇತುವೆ ಕಟ್ಟಿಸುತ್ತಿದ್ದರು, ಬಲೂನಿನಲ್ಲಿ ಓಡುವ ಗಾಡಿ ಮಾಡಿಸುತ್ತಿದ್ದರು. ಅವರು ಹೋದಮೇಲೆ ಒಂದು ವರ್ಷ ಎಲ್ಲ ನಿಂತಿತ್ತು. ಮಕ್ಕಳು ಸುಮ್ಮನಿದ್ದರು. ಕೇಳಿದವರು ದೊಡ್ಡವರು. ಶಾಮಿಯಾನ ಕಟ್ಟುವ ಮಹಾದೇವಸ್ವಾಮಿ ಎಂಬುವರು ಗೇಟಿನ ಹತ್ತಿರ ನಿಲ್ಲಿಸಿ, "ಮಿಸ್ಸು, ಸನಿವಾರ ಬಂದ್ರೆ ಕೈ ಕಡೀತದೆ. ನೀವಾದ್ರೂ ಏನಾರ ಮಾಡ್ಸಿ" ಅಂದರು. ಅವರ ಮಗಳು ಪವಿತ್ರಾ ತೇಜುವಿನ ಜೊತೆ ಓದುತ್ತಾಳೆ.

ಹಾಗಾಗಿ ನಿಮ್ಮ ಮಗನ ನೋಟ್‌ಬುಕ್ ತೆಗೆದೆ. ಕಡೇ ಪುಟದಲ್ಲಿ ಒಂದು ಚಿತ್ರ ಇದೆ. ಚುಕ್ಕಿಗಳು, ಹಾವು ಹರಿದ ಹಾಗೆ. ಕೆಳಗೆ ಬರೆದಿದ್ದಾರೆ: "ಶೆಡ್ಡಿನ ಚುಕ್ಕಿ. ಅರ್ಧ. ಅವ್ವನ್ನ ಕೇಳಬೇಕು."

ಅವರು ಕೇಳಿದ್ದರೇ? ಏನಿದು ಚುಕ್ಕಿ?

ಚೈತ್ರ

*

ಬದನವಾಳು
24 ನವೆಂಬರ್ 2024

ಚೈತ್ರಾಗೆ,

ಕಾಗದ ಬಂದು ಹತ್ತು ದಿನವಾಯಿತು. ಓದಿದೆ. ಫೋನು ಹಿಟ್ಟಿನ ಡಬ್ಬದಲ್ಲಿದೆ. ರುದ್ರೇಶ ಹೋದ ಸುದ್ದಿ ಬಂದದ್ದು ಅದರಲ್ಲಿ. ಅದು ಹೊಡೆದುಕೊಂಡರೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ನಿನ್ನ ಮೇಲಿನ ಸಿಟ್ಟಿಗೆ ಎತ್ತದೇ ಇರುವುದಲ್ಲ.

ಅವನು ನನ್ನನ್ನು ಏನೂ ಕೇಳಲಿಲ್ಲ.

ಚುಕ್ಕಿಯ ವಿಷಯ. ನಾನು ನೂಲುತ್ತಿದ್ದ ಖಾದಿ ಕೇಂದ್ರದ ಹಳೇ ಶೆಡ್ಡಿಗೆ ನಾಡಹೆಂಚಿನ ಮಾಡು. ಒಂದು ಹೆಂಚಿನಲ್ಲಿ ಬೆರಳು ತೂರುವಷ್ಟು ತೂತಿತ್ತು. ಅದರಿಂದ ಬಿಸಿಲು ಬಿದ್ದು ನೆಲದ ಮೇಲೆ ದುಂಡಗೆ ಒಂದು ಬಿಲ್ಲೆ ಆಗುತ್ತಿತ್ತು. ದಿನವೂ ಪಡುವಣ ಗೋಡೆಯ ಕಡೆಯಿಂದ ಹೊರಟು ಮೂಡಣಕ್ಕೆ ಹೋಗುತ್ತಿತ್ತು. ಸಿಮೆಂಟ್ ನೆಲದಲ್ಲಿ ಉದ್ದಕ್ಕೆ ಒಂದು ಗೀರು ಇದೆ. ಬಿಲ್ಲೆ ಗೀರು ಮುಟ್ಟಿದರೆ ಊಟದ ಹೊತ್ತು ಅಂತ ನಮ್ಮ ಹೆಂಗಸರ ಲೆಕ್ಕ. ಗಂಟೆ ಹೊಡೆಯುವವನು ಚಾಮಯ್ಯ, ಹನ್ನೆರಡೂವರೆಗೆ. ಗೀರಿಗೂ ಗಂಟೆಗೂ ಹೊಂದುತ್ತಿರಲಿಲ್ಲ. ದೀಪಾವಳಿ ಹೊತ್ತಿಗೆ ಬಿಲ್ಲೆ ಗೀರು ದಾಟಿ ಎಷ್ಟೋ ದೂರ ಹೋದಮೇಲೆ ಗಂಟೆ. ಶಿವರಾತ್ರಿ ಹತ್ತಿರ ಬಂದರೆ ಬಿಲ್ಲೆ ಬರುವ ಮೊದಲೇ ಗಂಟೆ. ನನ್ನ ಪಕ್ಕ ನೂಲುತ್ತಿದ್ದ ಮುದ್ದಮ್ಮ ಅನ್ನುತ್ತಿದ್ದಳು, "ಈ ಚಾಮಯ್ಯ ಒಟ್ಟೆ ಅಸಿದಾಗ ಒಂದ್ ಥರ, ತುಂಬ್ದಾಗ ಒಂದ್ ಥರ ಒಡೀತಾನೆ ಕಣೇ." ಅದಕ್ಕೆ ದಿನಾ ಜಗಳ.

ರುದ್ರೇಶನಿಗೆ ಆಗ ಹತ್ತು ವರ್ಷ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನನ್ನ ಹತ್ತಿರ ಬರುತ್ತಿದ್ದ. ಗಂಟೆ ಹೊಡೆದಾಗ ಬಿಲ್ಲೆ ಎಲ್ಲಿದೆಯೋ ಅಲ್ಲಿ ಗುರುತು ಹಾಕುತ್ತಿದ್ದ. ಅಷ್ಟೇ. ಹುಡುಗಾಟ.

ಶೆಡ್ಡು ಇನ್ನೂ ಇದೆ. ಈಗ ಒಳಗೆ ಹತ್ತಿಯ ಮೂಟೆ ಹಾಕಿದ್ದಾರೆ.

ರುದ್ರಮ್ಮ

*

ಟಿ. ನರಸೀಪುರ
8 ಡಿಸೆಂಬರ್ 2024

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ನಿನ್ನೆ ಕ್ಲಾಸಿನಲ್ಲಿ ಓದಿದೆ. ಚಾಮಯ್ಯನವರ ಜಗಳ ಬಂದಾಗ ಮಕ್ಕಳು ಎರಡು ಪಕ್ಷ ಆದರು. ಹೆಂಗಸರ ಪಕ್ಷ, ಗಂಟೆ ಪಕ್ಷ. ಮನೆಗೆ ಹೋಗಿ ನಿಮ್ಮ ನಿಮ್ಮ ಹೆಂಚಿನ ತೂತು ಹುಡುಕಿ, ಬಿಲ್ಲೆಯ ಸುತ್ತ ಬಳಪದಲ್ಲಿ ಗೆರೆ ಎಳೆದು, ನೂರು ಎಣಿಸಿ ನೋಡಿ ಅಂದೆ. ಹೆಂಚಿಲ್ಲದ ಮನೆಯವರು ಕಿಟಕಿಗೆ ರಟ್ಟು ಕಟ್ಟಿ ಅದಕ್ಕೆ ತೂತು ಮಾಡಿಕೊಂಡರು.

ಇವತ್ತು ಭಾನುವಾರ, ಪವಿತ್ರಾಳ ಅಜ್ಜಿ ಮನೆಗೇ ಬಂದರು. "ಮಿಸ್ಸು, ಅದು ಗೆರೆ ದಾಟ್ಬುಡ್ತು. ಅದು ನಡೀತದೋ, ಮನೆ ನಡೀತದೋ?" ಅಂತ ಕೇಳಿದರು. ಮನೆ ಅಂದೆ. ನೆಲ, ಮನೆ, ನಾವು, ಹೊಳೆ, ಎಲ್ಲ ತಿರುಗುತ್ತಿದ್ದೇವೆ ಅಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ತಮಾಷೆಗಲ್ಲ ಅತ್ತೆ, ನಿಜವಾಗಿ ಹಿಡಿದುಕೊಂಡರು.

ನಿಮ್ಮ ಮಗ ಕಂಡದ್ದು ಏನೆಂದು ನನಗೆ ಈಗ ಗೊತ್ತಾಯಿತು ಅನಿಸುತ್ತದೆ. ಭೂಮಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ, ಸುತ್ತುವಾಗ ಒಂದೇ ವೇಗದಲ್ಲಿ ಹೋಗುವುದಿಲ್ಲ. ಗಡಿಯಾರಕ್ಕೆ ಅದು ಗೊತ್ತಿಲ್ಲ. ಅದು ವರ್ಷವಿಡೀ ಒಂದೇ ಸಮ ನಡೆಯುತ್ತದೆ. ಹಾಗಾಗಿ ಸರಿಯಾಗಿ ಹನ್ನೆರಡೂವರೆಗೆ ನೋಡಿದರೆ ಬಿಲ್ಲೆ ಕೆಲವು ತಿಂಗಳು ಮುಂದೆ, ಕೆಲವು ತಿಂಗಳು ಹಿಂದೆ ಇರುತ್ತದೆ. ಚಳಿಗಾಲಕ್ಕೆ ಬಡಗಣ ಕಡೆಗೆ ಸರಿಯುತ್ತದೆ, ಬೇಸಗೆ ಕಡೆಗೆ ತೆಂಕಣಕ್ಕೆ. ವರ್ಷ ಪೂರ್ತಿ ಚುಕ್ಕಿ ಇಟ್ಟರೆ ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಎರಡು ಸುತ್ತು ಆಗಿ ಮತ್ತೆ ಮೊದಲ ಚುಕ್ಕಿಗೇ ಬಂದು ಸೇರುತ್ತದೆ. ಪುಸ್ತಕದಲ್ಲಿ ಚಿತ್ರ ಇದೆ. ನೆಲದ ಮೇಲೆ ನಾನು ಕಂಡಿಲ್ಲ. ಹತ್ತು ವರ್ಷದ ಹುಡುಗ, ಯಾರೂ ಹೇಳಿಕೊಡದೆ, ಮೊಳದುದ್ದದ ನೆಲದ ಮೇಲಲ್ಲ, ಇಡೀ ಶೆಡ್ಡಿನ ಉದ್ದಕ್ಕೂ ಅದನ್ನು ಬರೆಯುತ್ತಿದ್ದ.

ಯಾಕೆ ಅರ್ಧಕ್ಕೆ ನಿಂತಿತು? ಗುರುತು ಇನ್ನೂ ಇದ್ದರೆ ನೋಡಿ ಹೇಳುತ್ತೀರಾ?

ಚೈತ್ರ

*

ಬದನವಾಳು
29 ಡಿಸೆಂಬರ್ 2024

ಚೈತ್ರಾ,

ಕೀಲಿ ಇಸಿದುಕೊಂಡು ಮುದ್ದಮ್ಮನ ಜೊತೆ ಹೋಗಿದ್ದೆ. ಇಬ್ಬರೂ ಸೇರಿ ಮೂಟೆಗಳನ್ನು ಗೋಡೆಗೆ ಎಳೆದು ಹಾಕಿದೆವು. ಅವಳಿಗೆ ಅರವತ್ತೆರಡು, ನನಗೆ ಐವತ್ತೊಂಬತ್ತು. ಒಂದು ಮೂಟೆಗೆ ಒಂದು ಸಲ ಕುಳಿತೆವು. ನೆಲದ ಮೇಲೆ ಬೆರಳು ದಪ್ಪ ಧೂಳು. ಏನೂ ಕಾಣಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು ಅಂತ ಬರೆದರೆ ನೀನು ಏನು ತಿಳಿಯುತ್ತೀಯೋ.

ಹೇಗೂ ಬಂದಿದ್ದೇವೆ ಅಂತ ಗುಡಿಸಿದೆವು. ನಾಲ್ಕು ಕೊಡ ನೀರು ಹೊಯ್ದು ತೊಳೆದೆವು. ನೀರು ಇಳಿದುಹೋಯಿತು, ನೆಲ ಆರುತ್ತಾ ಬಂತು. ಎಲ್ಲ ಕಡೆ ಆರಿದಮೇಲೂ ಕೆಲವು ಕಡೆ ನೀರು ನಿಂತಿತ್ತು. ಹುರಿಗಡಲೆ ಗಾತ್ರದ ಗುಳಿಗಳು. ಒಂದೊಂದರಲ್ಲೂ ಒಂದು ಹನಿ. ತೂತಿನ ಬೆಳಕು ಬಿದ್ದು ಮಿನುಗುತ್ತಿದ್ದವು. ತೆಂಕಣದಿಂದ ಹೊರಟು, ಒಂದು ಕಡೆ ಬಳುಕಿ, ಇನ್ನೊಂದು ಕಡೆ ದೊಡ್ಡದಾಗಿ ಬಳುಕಿ, ಬಡಗಣ ಗೋಡೆಯ ಹತ್ತಿರ ತಿರುಗಿ, ಅಲ್ಲಿ ನಿಂತುಬಿಟ್ಟಿದ್ದವು. ಇಪ್ಪತ್ತೆರಡು ಎಣಿಸಿದೆ. ಮೋಡದ ಶನಿವಾರ ಬಿಟ್ಟಿರಬೇಕು.

ಮುದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು, "ಯಾರೋ ರಂಗೋಲಿಗೆ ಚುಕ್ಕಿ ಇಟ್ಟು ಎದ್ದೋಗವ್ರೆ ಕಣೇ" ಅಂದಳು. ಅವಳೇ ಆ ಕಾಲದಲ್ಲಿ ಈ ಗುಳಿ ಕಂಡು ನೆಲಕ್ಕೆ ಸಿಡುಬು ಬಂದದೆ ಅಂದವಳು.

ಬರುವಾಗ ಚಾಮಯ್ಯನ ಮನೆಗೆ ಹೋದೆ. ಎಂಬತ್ತು ದಾಟಿದೆ, ಕಿವಿ ಮಂದ. ನಿನ್ನ ಕಾಗದದಲ್ಲಿ ಇದ್ದುದನ್ನು ಕೂಗಿ ಹೇಳಿದೆ. ಒಂದು ದಿನ ಅವನು ಐದು ನಿಮಿಷ ಹೆಚ್ಚುಕಡಿಮೆ ಹೊಡೆದಿದ್ದರೂ ಆ ಗುಳಿ ಸಾಲು ಬಿಟ್ಟು ಆಚೆ ಬಿದ್ದಿರುತ್ತಿತ್ತು. ಒಂದೂ ಬಿದ್ದಿಲ್ಲ ಅಂದೆ.

"ರೇಡಿಯೋ ಪೀಂ ಪೀಂ ಅಂದಾಗ ವಾಚು ತಿದ್ಕೊತಿದ್ದೆ ಕಣವ್ವ, ದಿನಾಲೂವೆ" ಅಂದ. ಆಮೇಲೆ ಮುದ್ದಮ್ಮನ ಕಡೆ ತಿರುಗಿ, "ಏನಮ್ಮಿ, ಇಪ್ಪತ್ತೇಳು ವರ್ಸ ಆಡ್ಕಂಡು ನಗಾಡ್ದಲ್ಲ. ಈಗ ಏಳು, ಕಳ್ಳ ಯಾರು?"

"ಸೂರ್ಯಪ್ಪ" ಅಂದಳು ಮುದ್ದಮ್ಮ. ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ಇನ್ನೊಂದು ವಿಷಯ. ಮುಂಗಾರಿಗೆ ಮೊದಲು ಶೆಡ್ಡಿನ ಹೆಂಚು ತೆಗೆದು ಶೀಟು ಹಾಕುತ್ತಾರಂತೆ. ನೆಲಕ್ಕೂ ಟೈಲ್ಸು. ಜೂನ್ ಮುಗಿಯುವುದರೊಳಗೆ ಎಲ್ಲ ಆಗಬೇಕಂತೆ.

ರುದ್ರಮ್ಮ

*

ಟಿ. ನರಸೀಪುರ
12 ಜನವರಿ 2025

ಅಜ್ಜಿಗೆ,

ಅಮ್ಮ ಎಲ್ಲ ಹೇಳಿದಳು. ನೀರು ನಿಂತದ್ದು ನನಗೆ ತುಂಬ ಇಷ್ಟ ಆಯಿತು. ಅಪ್ಪನ ಕಡೇ ಗುಳಿ ಯಾವ ತಿಂಗಳದು? ಅಮ್ಮ ಲೆಕ್ಕ ಹಾಕಿ ಜನವರಿ ಕೊನೆ ಇರಬೇಕು ಅಂದಳು. ಹಾಗಾದರೆ ಈ ಫೆಬ್ರವರಿಯಿಂದ ನೀವೇ ಹಾಕಬಹುದು ಅಲ್ಲವಾ ಅಜ್ಜಿ? ಸೂರ್ಯ ಅದೇ, ತೂತು ಅದೇ. ಚಾಮಯ್ಯ ತಾತನೂ ಅದೇ. ಜೂನ್‌ಗೆ ಅಪ್ಪನ ಮೊದಲನೇ ಗುಳಿಗೆ ಬಂದು ಸೇರುತ್ತದೆ. ಹೆಂಚು ಅಷ್ಟರೊಳಗೆ ತೆಗೆಯಬೇಡಿ ಅಂತ ಹೇಳಿ.

ನಾನು ಮಾಡಿದ ಪೇಪರ್ ಸೇತುವೆ ಮೇಲೆ ಏಳು ಪುಸ್ತಕ ನಿಂತವು. ಎಂಟನೆಯದಕ್ಕೆ ಬಿತ್ತು.

ನಿಮ್ಮ ತೇಜಸ್ವಿನಿ

*

ಬದನವಾಳು
10 ಫೆಬ್ರವರಿ 2025

ಚೈತ್ರಾ,

ಈ ಕಾಗದ ತೇಜುವಿಗೆ ಓದಿ ಹೇಳಬೇಡ.

ಯಾಕೆ ಅರ್ಧಕ್ಕೆ ನಿಂತಿತು ಅಂತ ಕೇಳಿದ್ದೆ. ನಾನು ಉತ್ತರ ಬರೆಯಲಿಲ್ಲ. ಮೊದಮೊದಲು ಅವನು ಇದ್ದಿಲಿನಲ್ಲಿ ಗುರುತು ಹಾಕುತ್ತಿದ್ದ. ಸಂಜೆ ಶೆಡ್ಡು ಒರೆಸುವ ಸರದಿ ನನ್ನದು. ಒರೆಸಿಬಿಡುತ್ತಿದ್ದೆ. ಎರಡು ವಾರ ಹಾಗಾದಮೇಲೆ ಅವನು ಮೊಳೆ ಮತ್ತು ಗುಂಡುಕಲ್ಲು ತಂದ. ನಾವೆಲ್ಲ ಗಂಟೆ ಆದೊಡನೆ ಊಟಕ್ಕೆ ಹೊರಗೆ ಹೋಗುತ್ತಿದ್ದೆವು, ಅವನು ಒಳಗೆ ಕುಟ್ಟುತ್ತಿದ್ದ. ಏಳೆಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ನನ್ನ ಚರಕದ ಕಾಲು ಗುಳಿಗೆ ಸಿಕ್ಕಿ ಅಲುಗಾಡಿ ನೂಲು ಕಡಿಯಿತು. ಎಲ್ಲರೂ ಬಗ್ಗಿ ನೋಡಿದರು. ಆಗಿನ ಮೇಸ್ತ್ರಿ ಬಂದು, "ಯಾರ ಮಗ ಇವನು?" ಅಂತ ಕೂಗಿದ.

ನನ್ನ ಮಗ ಅಂತ ಹೇಳುವ ಬದಲು ನಾನು ನೂಲಿನ ಲಡಿ ಸುತ್ತುವ ಕೋಲು ತೆಗೆದುಕೊಂಡು ಎಲ್ಲರ ಎದುರಿಗೆ ಹೊಡೆದೆ. ಅವನು ಅಳಲಿಲ್ಲ. "ಅವ್ವ, ಇನ್ನು ಅರ್ಧ ಅದೆ" ಅಂದ. ಅದಕ್ಕೆ ಇನ್ನೂ ಎರಡು ಬಿದ್ದವು. ಅದಾದಮೇಲೆ ಅವನು ಶೆಡ್ಡಿಗೆ ಕಾಲಿಡಲಿಲ್ಲ, ನಾನೂ ಕರೆಯಲಿಲ್ಲ.

ಅವನು ಅದನ್ನು ಮರೆತ ಅಂದುಕೊಂಡಿದ್ದೆ. ಮರೆತಿರಲಿಲ್ಲ.

ಮೊನ್ನೆ ಎಂಟನೇ ತಾರೀಖು ಶನಿವಾರ ಶೆಡ್ಡಿಗೆ ಹೋಗಿದ್ದೆ. ಚಾಮಯ್ಯ ವಾಚು ಕಟ್ಟಿಕೊಂಡು ಬಂದಿದ್ದ. ಗಂಟೆ ಈಗ ಇಲ್ಲ, ಒಂದು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ನಾನು ನೆಲದ ಮೇಲೆ ಕುಳಿತೆ. ಮೂವತ್ತು ವರ್ಷ ಆ ಶೆಡ್ಡಿನಲ್ಲಿ ನೂತಿದ್ದೇನೆ ಚೈತ್ರಾ, ಬಿಲ್ಲೆಯನ್ನು ಯಾವತ್ತೂ ನೋಡಿರಲಿಲ್ಲ. ಊಟ ಬಂತೇ ಅಂತ ನೋಡಿದ್ದೆ ಅಷ್ಟೇ. ಅದು ಸುಮ್ಮನೆ ದುಂಡಗಿಲ್ಲ. ಅಂಚು ನಡುಗುತ್ತಿರುತ್ತದೆ. ಒಳಗೆ ಹೊಗೆ ಹೊಗೆಯಾಗಿ ಮೋಡ ಹಾಯುವುದೂ ಕಾಣುತ್ತದೆ. ಕಣ್ಣು ನೆಟ್ಟು ಕೂತರೆ ನಡೆಯುವುದು ತಿಳಿಯುತ್ತದೆ, ಇರುವೆಗಿಂತ ನಿಧಾನ, ಆದರೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಪವಿತ್ರಾಳ ಅಜ್ಜಿ ಬಾಗಿಲು ಹಿಡಿದುಕೊಂಡದ್ದು ನೆನಪಾಯಿತು. ನಾನು ನೆಲಕ್ಕೆ ಎರಡೂ ಕೈ ಊರಿದೆ.

ಚಾಮಯ್ಯ ತಟ್ಟೆ ಬಡಿದ. ಬಿಲ್ಲೆ ರುದ್ರೇಶನ ಕಡೇ ಗುಳಿಯಿಂದ ಒಂದು ಗೇಣು ದೂರದಲ್ಲಿತ್ತು. ಇನ್ನೊಂದು ಗುಳಿ ಎಲ್ಲಿ ಇರಬೇಕಿತ್ತೋ ಸರಿಯಾಗಿ ಅಲ್ಲಿ. ನಾನು ಮೊಳೆ ಇಟ್ಟು ಕುಟ್ಟಿದೆ. ಸಿಮೆಂಟು ಎಷ್ಟು ಗಟ್ಟಿ ಅಂತ ಗೊತ್ತಾಯಿತು. ಆ ಸಣ್ಣ ಕೈಯಲ್ಲಿ ಅವನು ಹೇಗೆ ಕುಟ್ಟಿದನೋ.

ರುದ್ರಮ್ಮ

*

ಟಿ. ನರಸೀಪುರ
16 ಮಾರ್ಚ್ 2025

ಅತ್ತೆ,

ತೇಜುವಿಗೆ ಓದಿ ಹೇಳಲಿಲ್ಲ. ನಾನು ಮೂರು ಸಲ ಓದಿದೆ.

ನೀವು ನಿಮ್ಮ ಮಾತು ಹೇಳಿದಿರಿ, ನಾನೂ ಹೇಳಬೇಕು. ಅವರು ಹೋದಮೇಲೆ ಶಿವಗಣಾರಾಧನೆಯ ದಿನ ಎಲ್ಲರ ಎದುರಿಗೆ ನೀವು, "ಎದೆನೋವು ಅಂದವನನ್ನು ಸ್ಕೂಲಿಗೆ ಯಾಕೆ ಕಳಿಸಿದೆ?" ಅಂತ ಕೇಳಿದಿರಿ. ನಾನು ಎದ್ದು ಹೊರಟುಬಿಟ್ಟೆ. ಅವತ್ತು ಬೆಳಿಗ್ಗೆ ಅವರು ಎದೆ ಉರಿ ಅಂದದ್ದು ನಿಜ. ಜೀರಿಗೆ ನೀರು ಕೊಟ್ಟೆ. "ಮಕ್ಕಳು ಸೇತುವೆ ತರ್ತಾರೆ ಕಣೇ, ಪಾಪ ವಾರದಿಂದ ಸುತ್ತಿದ್ದಾರೆ" ಅಂತ ಚಪ್ಪಲಿ ಹಾಕಿಕೊಂಡರು. ನಾನು ಬೇಡ ಅನ್ನಲಿಲ್ಲ. ನೀವು ಕೇಳುವ ಮೊದಲೂ ನಾನು ಅದನ್ನೇ ಕೇಳಿಕೊಳ್ಳುತ್ತಿದ್ದೆ. ಈಗಲೂ.

ಮಕ್ಕಳಿಗೆ ನಿಮ್ಮ ಗುಳಿಗಳ ಸುದ್ದಿ ಪ್ರತಿ ವಾರ ಬೇಕು. ಗೋಡೆಗೆ ದೊಡ್ಡ ಹಾಳೆ ಅಂಟಿಸಿದ್ದೇನೆ. ನಿಮ್ಮ ಮಗನ ಇಪ್ಪತ್ತೆರಡು ಚುಕ್ಕಿ ನೀಲಿ. ನಿಮ್ಮವು ಕೆಂಪು. ಈಗ ಐದು.

ಚೈತ್ರ

*

ಬದನವಾಳು
13 ಏಪ್ರಿಲ್ 2025

ಚೈತ್ರವ್ವ,

ನೀನು ತಡೆಯಲಿಲ್ಲ ಅಂತ ನಾನು ಬೈದೆ. ಅವನನ್ನು ತಡೆದವಳು ನಾನು. ಇದನ್ನು ಬರೆಯಲು ನನಗೆ ನಾಲ್ಕು ವಾರ ಬೇಕಾಯಿತು. ಆ ಮಾತು ಅಷ್ಟು ಜನರ ಮುಂದೆ ಆಡಬಾರದಿತ್ತು. ಯಾರೂ ಇಲ್ಲದಾಗಲೂ ಆಡಬಾರದಿತ್ತು.

ನಿನ್ನೆ ಶನಿವಾರ ಒಂದು ಆಶ್ಚರ್ಯ ನಡೆಯಿತು. ವಾರದಿಂದ ವಾರಕ್ಕೆ ಬಿಲ್ಲೆ ಬಡಗಣ ಗೋಡೆ ಬಿಟ್ಟು ಈ ಕಡೆಗೆ ಬರುತ್ತಿತ್ತಲ್ಲ, ನಿನ್ನೆ ಅದು ಅವನ ಸಾಲಿನ ನಡುವೆಯೇ ಬಂದು ಕೂತಿತು. ಅವನ ಎರಡು ಗುಳಿಗಳ ಮಧ್ಯೆ. ನಾನು ಅಡ್ಡ ಹಾದಿಯಲ್ಲಿ ಬರುತ್ತಿದ್ದೆ, ಅವನು ಇನ್ನೊಂದು ಹಾದಿಯಲ್ಲಿ ಹೋಗಿದ್ದ. ನಿನ್ನ ಲೆಕ್ಕದಲ್ಲಿ ಅವು ಆಗಸ್ಟ್ ಕಡೆಯ ಗುಳಿ ಇರಬೇಕು. ಇದು ಏಪ್ರಿಲ್. ಗೌರಿಹಬ್ಬದ ಸುಮಾರಿನ ಬಿಸಿಲೂ ಯುಗಾದಿ ಮುಗಿದಮೇಲಿನ ಬಿಸಿಲೂ ನೆಲದ ಮೇಲೆ ಒಂದೇ ಕಡೆ ಬೀಳುತ್ತವೆ ಅಂತ ನನಗೆ ಯಾರು ಹೇಳಿದ್ದರು? ಮುದ್ದಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಚಾಮಯ್ಯ ತಟ್ಟೆ ಇಟ್ಟು ಕೈ ಮುಗಿದ. ಯಾರಿಗೆ ಮುಗಿದೆ ಅಂತ ಕೇಳಿದೆ. "ಗೊತ್ತಿಲ್ಲ ಕಣವ್ವ, ಕೈ ಬಂತು" ಅಂದ.

ಆದರೆ ಕೆಟ್ಟ ಸುದ್ದಿಯೂ ಇದೆ. ಮಾಡಿನ ಕೆಲಸದವರು ಮೇ ಇಪ್ಪತ್ತಕ್ಕೇ ಬರುತ್ತಾರಂತೆ. ಒಂದು ಹೆಂಚು ಬಿಡಿ ಅಂತ ಕೇಂದ್ರದವರನ್ನು ಕೇಳಿದೆ. "ಒಂದ್ ಎಂಚು ಎಲ್ಲಿ ನಿಲ್ತದಮ್ಮೋ, ಗಾಳೀಲಾ?" ಅಂದರು. ಅದೂ ನಿಜ. ಸೂರ್ಯ ಬರುತ್ತಾನೆ, ತೂತು ಇರುವುದಿಲ್ಲ. ಅರ್ಧ ಹೋಗಿ ಮುಕ್ಕಾಲು ಆಯಿತು ಅಂದುಕೊಳ್ಳಬೇಕು ಅಷ್ಟೆ.

ರುದ್ರಮ್ಮ

*

ಟಿ. ನರಸೀಪುರ
27 ಏಪ್ರಿಲ್ 2025

ಅತ್ತೆ,

ರಜೆ ಇದ್ದರೂ ಶನಿವಾರ ಹದಿಮೂರು ಮನೆಯವರು ಬಂದಿದ್ದರು. ನಿಮ್ಮ ಕಾಗದ ಓದಿದೆ. ತೂತು ಹೋಗುತ್ತದೆ ಅಂದಾಗ ತೇಜು ಅತ್ತಳು. ಆಗ ಪವಿತ್ರಾ ಕೇಳಿದಳು: "ಮಿಸ್, ತೂತಿಗೆ ಹೆಂಚೇ ಯಾಕೆ ಬೇಕು?"

ಅವಳು ಹೇಳಿದ್ದು ಸರಿ. ತೂತು ಗಾಳಿಯಲ್ಲಿ ಇರುವ ಒಂದು ಜಾಗ. ಆ ಜಾಗ ನೆಲದ ಯಾವ ಬಿಂದುವಿನ ಮೇಲಿದೆ, ಎಷ್ಟು ಎತ್ತರದಲ್ಲಿದೆ, ಎರಡು ಗೊತ್ತಿದ್ದರೆ ಸಾಕು. ಮಾಡು ಹೋದಮೇಲೂ ಅದೇ ಜಾಗಕ್ಕೆ ತಗಡಿನ ತೂತು ಹಿಡಿಯಬಹುದು. ಮಹಾದೇವಸ್ವಾಮಿ ಎದ್ದು ನಿಂತು, "ಮೂರು ಬಿದ್ರು ಕೊಡಿ ಮಿಸ್ಸು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ತೀನಿ. ಮದ್ವೆ ಚಪ್ಪರಕ್ಕಿಂತ ಎಚ್ಚಾ ಇದು?" ಅಂದರು.

ಆದರೆ ಅಳತೆ ನೀವೇ ತೆಗೆಯಬೇಕು, ಹೆಂಚು ಇರುವಾಗಲೇ. ತೂತಿನಿಂದ ಒಂದು ದಾರ ಇಳಿಬಿಡಿ. ತುದಿಗೆ ಚೂಪಾದ ಭಾರ ಏನಾದರೂ ಕಟ್ಟಿ. ಅಲುಗುವುದು ಪೂರ್ತಿ ನಿಲ್ಲುವ ತನಕ ಕಾಯಿರಿ. ಭಾರದ ಮೊನೆ ಮುಟ್ಟಿದ ಕಡೆ ಗುರುತು. ತೂತಿನ ಹತ್ತಿರ ದಾರಕ್ಕೆ ಗಂಟು. ಗಾಳಿ ಆಡದ ಹಾಗೆ ಬಾಗಿಲು ಮುಚ್ಚಿರಿ.

ಚೈತ್ರ

*

ಬದನವಾಳು
25 ಮೇ 2025

ಚೈತ್ರವ್ವ,

ಮಾಡು ಹೋಯಿತು. ಬುಧವಾರ ಒಂದೇ ದಿನದಲ್ಲಿ ತೆಗೆದರು. ಶೆಡ್ಡಿನಲ್ಲಿ ಈಗ ಎಲ್ಲ ಕಡೆ ಬಿಸಿಲೇ. ಅಷ್ಟು ಬಿಸಿಲಿನಲ್ಲಿ ಬಿಲ್ಲೆ ಎಲ್ಲಿ ಹುಡುಕುವುದು? ನಿನ್ನೆಯ ಶನಿವಾರ ತಪ್ಪಿತು. ಬರುವ ಶನಿವಾರವೂ ತಪ್ಪುತ್ತದೆ.

ಆದರೆ ಅಳತೆ ತೆಗೆದಿದ್ದೇವೆ. ದಾರ ನಾನೇ ನೂತೆ. ಅಂಗಡಿಯ ದಾರಕ್ಕೆ ಸುರುಳಿ ಬುದ್ಧಿ, ಬಿಟ್ಟರೆ ತಿರುಗುತ್ತಲೇ ಇರುತ್ತದೆ. ನನ್ನ ನೂಲನ್ನು ಎರಡು ಎಳೆ ಸೇರಿಸಿ ಹುರಿ ಮಾಡಿದೆ. ಭಾರಕ್ಕೆ ನನ್ನ ಚರಕದ ಹಳೇ ಕದಿರು. ನೂಲು ಸುತ್ತುವ ಕಬ್ಬಿಣದ ಕಡ್ಡಿ ಅದು, ಸೂಜಿಯ ಹಾಗೆ ಮೊನೆ. ಮಾಡಿನ ಕೆಲಸಕ್ಕೆ ಬಂದಿದ್ದ ಒಬ್ಬರು ಮೇಲೆ ಹತ್ತಿ ತೂತಿನಿಂದ ದಾರ ಇಳಿಬಿಟ್ಟರು. ಬಾಗಿಲು ಮುಚ್ಚಿದೆವು. ಕದಿರು ತೂಗಾಡಿತು. ಚಾಮಯ್ಯ, ಮುದ್ದಮ್ಮ, ನಾನು ಸುತ್ತಲೂ ಕುಳಿತು ನೋಡಿದೆವು. ಮುದ್ದಮ್ಮ ಉಸಿರು ಬಿಟ್ಟರೂ ಅಲುಗುತ್ತಿತ್ತು. "ನೀನ್ ಆಚ್ಗೆ ಓಗಮ್ಮಿ, ನಿನ್ ಉಸ್ರು ದೊಡ್ಡದು" ಅಂತ ಚಾಮಯ್ಯ ಬೈದ. ಕೊನೆಗೆ ಅದು ನಿಂತಾಗ ಶೆಡ್ಡಿನಲ್ಲಿ ಏನೋ ನಿಂತ ಹಾಗಾಯಿತು. ಆ ಮೊನೆ ಮುಟ್ಟಿದ ಕಡೆ ಗುಳಿ ಹೊಡೆದು ಕುಂಕುಮ ತುಂಬಿದ್ದೇನೆ.

ದಾರ ಈ ಲಕೋಟೆಯಲ್ಲಿದೆ. ಗಂಟಿನಿಂದ ತುದಿಯವರೆಗೆ ನೋಡಿಕೊಳ್ಳಿ, ಅದಕ್ಕೆ ಕದಿರಿನ ಉದ್ದ ಒಂದು ಗೇಣು ಸೇರಿಸಿ. ಸುಮ್ಮನೆ ನೆಲದ ಮೇಲೆ ಹಾಕಿ ಅಳೆಯಬೇಡಿ. ಹತ್ತಿಯ ದಾರ, ಭಾರ ಇಲ್ಲದಿದ್ದರೆ ಒಂದು ಬೆರಳು ಕುಗ್ಗುತ್ತದೆ. ಕದಿರಿನ ತೂಕದ್ದೇ ಏನಾದರೂ ಕಟ್ಟಿ ತೂಗಬಿಟ್ಟು ಅಳೆಯಿರಿ. ನಮ್ಮ ತಕ್ಕಡಿಯಲ್ಲಿ ಕದಿರು ಎಂಬತ್ತು ಗ್ರಾಂ ಬಂತು. ಇದು ನನಗೆ ನೂಲುವುದರಿಂದ ಗೊತ್ತು, ಪುಸ್ತಕದಿಂದಲ್ಲ.

ಟೈಲ್ಸಿನವರು ಜೂನ್ ಹದಿನಾರಕ್ಕೆ ಬರುತ್ತಾರೆ, ಶೀಟು ಅದಾದಮೇಲಂತೆ. ಹದಿನಾಲ್ಕು ಶನಿವಾರ.

ಅತ್ತೆ

*

ಟಿ. ನರಸೀಪುರ
4 ಜೂನ್ 2025

ಅತ್ತೆ,

ಹದಿನಾಲ್ಕಕ್ಕೆ ಬರುತ್ತೇವೆ. ಹನ್ನೊಂದು ಮಕ್ಕಳು, ಒಂಬತ್ತು ಜನ ದೊಡ್ಡವರು, ಮಹಾದೇವಸ್ವಾಮಿಯವರ ಸಾಮಾನಿನ ಗಾಡಿ. ಏಳಕ್ಕೆ ಬರಲು ಆಗುವುದಿಲ್ಲ, ಬಿದಿರು ನಿಲ್ಲಿಸುವುದರಲ್ಲೇ ತಡವಾಯಿತು. ಮೊದಲ ಸಲ ಕಟ್ಟಿದಾಗ ಮೂರು ಕಾಲು ಮೂರು ದಿಕ್ಕಿಗೆ ಜಾರಿ ತಗಡು ಹೆಡ್‌ಮೇಷ್ಟ್ರ ಸ್ಕೂಟರ್ ಮೇಲೆ ಬಿತ್ತು. ಎರಡನೇ ಸಲ ಮಕ್ಕಳು ಕಾಲುಗಳ ನಡುವೆ ಹಗ್ಗ ಬಿಗಿಯಬೇಕು ಅಂತ ಕಂಡುಹಿಡಿದರು. ಪೇಪರ್ ಸೇತುವೆಯಲ್ಲಿ ಕಲಿತದ್ದಂತೆ. ಮೂರನೇ ಸಲ ನಿಂತಿತು. ತಗಡಿನ ಸುತ್ತ ಹಳೇ ಕಂಬಳಿ ಕಟ್ಟಿ ನೆರಳು ಮಾಡಿದ್ದೇವೆ.

ನಿಮ್ಮ ದಾರಕ್ಕೆ ಎಂಬತ್ತು ಗ್ರಾಂ ಕಟ್ಟಿ ತೂಗಬಿಟ್ಟು ಅಳೆದೆವು. ಕದಿರೂ ಸೇರಿ ಹದಿನಾರು ಅಡಿ ಮೂರು ಅಂಗುಲ. ಆಮೇಲೆ ತೇಜು ಅದನ್ನು ಕೈಗೆ ಸುತ್ತಿಕೊಂಡು ಮಲಗಿದಳು. ಬರುವಾಗ ತರುತ್ತೇನೆ.

ಮೋಡ ಇದ್ದರೆ ಏನು ಮಾಡುವುದು, ನನಗೆ ಗೊತ್ತಿಲ್ಲ.

ಚೈತ್ರ

*

ಬದನವಾಳು
16 ಜೂನ್ 2025

ಚೈತ್ರವ್ವ,

ನೀವೆಲ್ಲ ಹೋಗಿ ಎರಡು ದಿನವಾಯಿತು. ಹೊರಗೆ ಟೈಲ್ಸಿನವರ ಸದ್ದು ಕೇಳುತ್ತಿದೆ. ಮಕ್ಕಳು ನೆಲಕ್ಕೆ ಬಟ್ಟೆ ಹಾಸಿ ಗುಳಿಗಳನ್ನೆಲ್ಲ ಅದರ ಮೇಲೆ ಗುರುತು ಮಾಡಿಕೊಂಡು ಹೋದರಲ್ಲ, ಇನ್ನು ನೆಲ ಮುಚ್ಚಿದರೆ ಮುಚ್ಚಲಿ. ಅವು ಅಡಿಯಲ್ಲಿ ಇದ್ದೇ ಇರುತ್ತವೆ.

ಅವತ್ತು ಮಾತಾಡಲು ಆಗಲಿಲ್ಲ. ನೀನು ಗಾಡಿಯಿಂದ ಇಳಿದಾಗ ನಾನು, "ಬಿಸಿಲಲ್ಲಿ ಬಂದ್ಯಲ್ಲ, ನೀರ್ ಕುಡಿ" ಅಂದೆ. ಅಷ್ಟೇ ಅಂದದ್ದು. ಬಿಸಿಲೂ ಇರಲಿಲ್ಲ, ಮೋಡ ಮುಚ್ಚಿತ್ತು. ಎರಡು ವರ್ಷದಿಂದ ಕೂಡಿಟ್ಟ ಮಾತು ಎಲ್ಲಿ ಹೋಯಿತೋ.

ಹನ್ನೆರಡೂವರೆ ಹೊತ್ತಿಗೆ ನೀನು ಒಂದು ಬಿದಿರು ಹಿಡಿದುಕೊಂಡು ಮೇಲೆ ತಗಡನ್ನೇ ನೋಡುತ್ತಿದ್ದೆ, ಗಾಳಿಗೆ ಅಲುಗದ ಹಾಗೆ. ಕಂಬಳಿಯ ಒಳಗೆ ನೆಲದ ಹತ್ತಿರ ಇದ್ದವರು ನಾನು, ತೇಜು ಇಬ್ಬರೇ. ನಿನಗೆ ಅದು ಕಾಣಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತಗಡಿನ ತೂತಿನಿಂದ ದಾರ ಇಳಿಬಿಟ್ಟಾಗ ಕದಿರಿನ ಮೊನೆ ಕುಂಕುಮಕ್ಕೆ ಎರಡು ಬೆರಳು ಆಚೆ ಇತ್ತು. ಮಹಾದೇವಸ್ವಾಮಿ ಒಂದು ಕಾಲು ಒದ್ದು ಒದ್ದು ಸರಿಸಿದರು. ಮೊನೆ ಗುಳಿಯೊಳಗೆ ಇಳಿಯಿತು. ದಾರ ತೆಗೆದರು. ನೆಲ ಕತ್ತಲೆ. ಹನ್ನೆರಡು ಇಪ್ಪತ್ತೆಂಟು ಅಂತ ಚಾಮಯ್ಯ ಕೂಗಿದ. ಮೋಡ ಹಾಗೇ ಇತ್ತು. ನಾನು ಮೊಳೆ, ಕಲ್ಲು ಹಿಡಿದುಕೊಂಡು ಕುಳಿತಿದ್ದೆ. ತೇಜು ನನ್ನ ಸೀರೆ ಹಿಡಿದುಕೊಂಡು, "ಅಜ್ಜಿ, ಕಾಣದೇ ಇದ್ದರೂ ಅದು ಅಲ್ಲೇ ಇರುತ್ತೆ ಅಲ್ವಾ?" ಅಂತ ಪಿಸುಗುಟ್ಟಿದಳು.

ಆಗ ಬಂತು. ಮೊದಲು ಹಾಲು ಚೆಲ್ಲಿದ ಹಾಗೆ ಮಸುಕಾಗಿ, ಆಮೇಲೆ ಒಮ್ಮೆಲೇ ದುಂಡಗೆ. ನೆಲದ ಮೇಲೆ ಖಾಲಿ ಜಾಗದಲ್ಲಿ ಬಿತ್ತು. ಅವನ ಮೊದಲ ಗುಳಿ ಅದರಿಂದ ಮೂರು ಬೆರಳು ಮುಂದೆ ಇತ್ತು. ತಪ್ಪಿತು ಅಂದುಕೊಂಡೆ. ಮರೆತೇಬಿಟ್ಟಿದ್ದೆ ನೋಡು, ಅದು ನಡೆಯುತ್ತದೆ ಅಂತ. ನಡೆಯಿತು. ನಮ್ಮಿಬ್ಬರ ಕಣ್ಣೆದುರಿಗೇ ಕೂದಲೆಳೆ ಕೂದಲೆಳೆ ಸರಿದು ಗುಳಿಯ ಅಂಚು ಮುಟ್ಟಿತು. ಗುಳಿ ಒಳಗೆ ಬಂತು. ಗುಳಿ ನಡುವೆ ಬಂತು. ಆಗ ಚಾಮಯ್ಯ ತಟ್ಟೆ ಬಡಿದ.

ಇಪ್ಪತ್ತೇಳು ವರ್ಷ ಚೈತ್ರವ್ವ. ಆ ಹೊತ್ತಿನಲ್ಲಿ ಭೂಮಿ ಎಷ್ಟು ದೂರ ಹೋಗಿ ಎಷ್ಟು ಸಲ ಬಂತೋ ನೀನು ಲೆಕ್ಕ ಹಾಕಿ ಹೇಳಬಲ್ಲೆ, ನನಗೆ ಬರುವುದಿಲ್ಲ. ಅವನು ಹತ್ತು ವರ್ಷದವನಾಗಿ ಎಲ್ಲಿ ಮೊಳೆ ಊರಿದ್ದನೋ ಅಲ್ಲಿಗೇ ಬೆಳಕು ಬಂದು ನಿಂತಿತ್ತು. ನಾನು ಅಂಗೈ ಒಡ್ಡಿದೆ. ಬೆಚ್ಚಗಿತ್ತು.

ಮೊಳೆ ಹೊಡಿಯಜ್ಜಿ, ಹೊತ್ತಾಗ್ತದೆ ಅಂತ ತೇಜು ಅವಸರ ಮಾಡಿದಳು. ಮೊಳೆ ಇಡಲು ಬಗ್ಗಿದೆ. ಎಲ್ಲಿ ಹೊಡೆಯಲಿ? ಅಲ್ಲಿ ಆಗಲೇ ಅವನ ಗುಳಿ ಇತ್ತು. ಕಲ್ಲು ಕೆಳಗಿಟ್ಟೆ.

ದಾರ ನೀನೇ ಇಟ್ಟುಕೋ. ಫೋನು ಡಬ್ಬದಿಂದ ತೆಗೆದಿದ್ದೇನೆ, ಹಿಟ್ಟು ಒರೆಸಿ ಚಾರ್ಜಿಗೆ ಹಾಕಿದ್ದೇನೆ. ಶನಿವಾರ ಹನ್ನೆರಡೂವರೆ ಆದಮೇಲೆ ಮಾಡು. ಎತ್ತುತ್ತೇನೆ.

ಅವ್ವ